ಲೆಕ್ಕವಿಲ್ಲದ ಹಣವೂ ನಮ್ಮ ಮಸ್ಕಿಯೂ



ನನ್ನ ತರಗತಿಯಲ್ಲಿ ಕುಳಿತವರಿಗೆ ಒಂದು ಪ್ರಬಂಧದ ವಿಷಯ ಮರೆತಿರಲಾರದು. ದಸರೆಯ ರಜೆ ಮುಗಿದು ಶಾಲೆ ತೆರೆದ ಮೊದಲ ವಾರದಲ್ಲಿ, ಇನ್ನೂ ಪಾಠಕ್ಕೆ ಮನಸ್ಸು ಹತ್ತದ ನಿಮ್ಮನ್ನು ಹತೋಟಿಗೆ ತರಲು ಪ್ರತಿವರ್ಷವೂ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದು ಇದು: 'ನನಗೆ ಒಂದು ಕೋಟಿ ರೂಪಾಯಿ ದೊರೆತರೆ'. ಆ ಕಾಲಕ್ಕೆ ನಮ್ಮ ಕಡೆ ಕೋಟಿ ಎಂಬುದು ಸಂಖ್ಯೆಯಾಗಿರಲಿಲ್ಲ, ಮುಗಿಯದ ಹಣಕ್ಕೆ ಇದ್ದ ಹೆಸರು ಅಷ್ಟೆ. ನಿಮ್ಮಲ್ಲಿ ಹೆಚ್ಚಿನವರು ಮನೆ ಕಟ್ಟಿಸುತ್ತಿದ್ದಿರಿ, ಬೋರು ಹಾಕಿಸುತ್ತಿದ್ದಿರಿ, ಅಕ್ಕನ ಮದುವೆ ಮಾಡುತ್ತಿದ್ದಿರಿ. ಒಬ್ಬ ಮಹರಾಯ ಮಸ್ಕಿಯಿಂದ ಹೈದರಾಬಾದಿಗೆ ವಿಮಾನ ಬಿಟ್ಟಿದ್ದ. ಅದರ ಟಿಕೀಟು ಎರಡು ರೂಪಾಯಿ ಎಂದೂ ಗೊತ್ತುಮಾಡಿದ್ದ.

ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡೇ ವಾಕ್ಯ ಬರೆದಳು. 'ಅವ್ವನ ಬೋರಮಾಳ ಬಿಡಿಸಿಕೊಂಡು ಬರುತ್ತೇನೆ. ಉಳಿದ ರೊಕ್ಕವನ್ನು ಅಪ್ಪನ ಕೈಗೆ ಕೊಡುವುದಿಲ್ಲ.' ಪ್ರಬಂಧಕ್ಕೆ ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ ಎಂಬ ಕಾರಣ ಕೊಟ್ಟು ನಾನು ಹತ್ತಕ್ಕೆ ನಾಲ್ಕು ಅಂಕ ಹಾಕಿದೆ. ಅದೇ ವರ್ಷ ಇನ್ನೊಬ್ಬ ಹುಡುಗ, ತಾನು ನಿಜಾಮರಂತೆ ದೇಶದ ರಕ್ಷಣೆಗೆ ಐದು ಟನ್ ಬಂಗಾರ ದಾನ ಮಾಡುವೆನೆಂದು ಎರಡು ಪುಟ ತುಂಬ ಬರೆದಿದ್ದ. ಆ ಐದು ಟನ್ನಿನ ಕಥೆಯನ್ನು ಅವನು ಕೇಳಿದ್ದು ನನ್ನಿಂದಲೇ. ಅವನಿಗೆ ಹತ್ತಕ್ಕೆ ಒಂಬತ್ತು ಬಂದವು. ನಿವೃತ್ತನಾದ ಮೇಲೆ ಓದುವುದಕ್ಕೆ ಬಿಡುವು ದೊರೆತು, ಈ ಎರಡು ಅಂಕಗಳೂ ತಪ್ಪು ಎಂಬುದು ನನಗೆ ಮನವರಿಕೆಯಾಗಿದೆ. ಈ ಲೇಖನ ಅದರ ತಿದ್ದುಪಡಿ ಎಂದು ತಿಳಿಯಿರಿ.

ಹಣಕ್ಕೆ ಮಿತಿಯೇ ಇಲ್ಲದಿದ್ದರೆ ಮನುಷ್ಯ ಏನು ಮಾಡಿಯಾನು ಎಂಬುದು ಬೇರೆ ಊರುಗಳಲ್ಲಿ ಕಲ್ಪನೆಯ ಪ್ರಶ್ನೆ. ಮಸ್ಕಿಯಲ್ಲಿ ಹಾಗಲ್ಲ. ಅಂತಹ ಹಣ ನಿಜವಾಗಿಯೂ ಇದ್ದ ಇಬ್ಬರು ನಮ್ಮ ಈ ನೆಲವನ್ನು ಆಳಿದ್ದಾರೆ. ಒಬ್ಬ ಮೌರ್ಯ ಚಕ್ರವರ್ತಿ ಅಶೋಕ. ಇನ್ನೊಬ್ಬರು ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಇಬ್ಬರ ನಡುವೆ ಸುಮಾರು ಇಪ್ಪತ್ತೆರಡು ಶತಮಾನಗಳ ಅಂತರ. ಆದರೆ ಇಬ್ಬರೂ ಒಂದು ವಿಚಿತ್ರ ರೀತಿಯಲ್ಲಿ ನಮ್ಮೂರ ಗುಡ್ಡದ ಒಂದು ಬಂಡೆಯ ಬಳಿ ಭೇಟಿಯಾಗುತ್ತಾರೆ. ಅವರನ್ನು ಭೇಟಿ ಮಾಡಿಸಿದ್ದು ಬಂಗಾರ.

1915ರ ಜನವರಿ ತಿಂಗಳು. ನಮ್ಮ ಕಡೆ ಬಂಗಾರದ ಅದಿರನ್ನು ಹುಡುಕುತ್ತ ತಿರುಗಾಡುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಅಕ್ಷರಗಳಿದ್ದ ಬಂಡೆಯೊಂದನ್ನು ಕಂಡನು. ಅವನು ಹುಡುಕಿದ್ದು ಬೇರೆ, ಸಿಕ್ಕಿದ್ದು ಬೇರೆ. ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಗಿದ್ದು 1914ರಲ್ಲಿ, ಗುಲಾಂ ಯಜ್ದಾನಿಯವರ ಮೇಲ್ವಿಚಾರಣೆಯಲ್ಲಿ. ಹೊಸ ಇಲಾಖೆಗೆ ಇಂಥ ಸುದ್ದಿ ಬರುವುದೆಂದರೆ ತೊಟ್ಟಿಲ ಕೂಸಿಗೆ ಮುತ್ತಿನ ಹಾರ ಹಾಕಿದಂತೆ. ಶಾಸನವನ್ನು ಓದಿ ಸಂಪಾದಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅದು ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲಿಕೆಯ ಮೊದಲನೆಯ ಸಂಚಿಕೆಯಾಗಿ ಪ್ರಕಟವಾಯಿತು.

ಅದರ ಮಹತ್ತ್ವವನ್ನು ನೀವು ಪಾಠದಲ್ಲಿ ಓದಿದ್ದೀರಿ, ಆದರೂ ಹೇಳುತ್ತೇನೆ, ಮೇಷ್ಟ್ರ ಚಟ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ದೇಶದ ತುಂಬ ಇದ್ದ ಬಂಡೆಗಳೂ ಕಂಬಗಳೂ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ರಾಜನ ಮಾತನ್ನು ಆಡಿದವು. ಆತ ಯಾರು? ಸಿಂಹಳದ ಬೌದ್ಧ ಗ್ರಂಥಗಳ ಸಹಾಯದಿಂದ ಆತನೇ ಅಶೋಕನೆಂದು ವಿದ್ವಾಂಸರು ಊಹಿಸಿದರು. ಊಹೆ ಬಲವಾಗಿಯೇ ಇತ್ತು, ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆ 'ದೇವಾನಂಪಿಯಸ ಅಸೋಕಸ' ಎಂದು ಹೆಸರು ಹಿಡಿದು ಹೇಳಿತು. ಮುಂದೆ ಮಧ್ಯಪ್ರದೇಶದ ಗುಜರಾದಲ್ಲೂ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳದಲ್ಲೂ ಆ ಹೆಸರು ದೊರೆಯಿತು. ಆದರೆ ಮೊದಲು ಹೇಳಿದ್ದು ನಮ್ಮ ಬಂಡೆಯೇ.

ಹೆಸರಿನ ಸಂಭ್ರಮದಲ್ಲಿ ಶಾಸನದ ಒಡಲನ್ನು ನಾವು ಅಷ್ಟಾಗಿ ಓದುವುದಿಲ್ಲ. ನಾನೂ ಬಹುಕಾಲ ಓದಿರಲಿಲ್ಲ. ಅದರ ತಾತ್ಪರ್ಯ ಇಷ್ಟು: ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಮಿಕ್ಕಿತು, ಸಂಘದ ಬಳಿಗೆ ಹೋಗಿ ಹೆಚ್ಚಿನ ಉತ್ಸಾಹ ತೋರಲು ತೊಡಗಿ ವರ್ಷ ದಾಟಿತು, ಇದರ ಫಲವನ್ನು ಧರ್ಮದಲ್ಲಿ ನಿರತನಾದ ಸಣ್ಣ ಮನುಷ್ಯನೂ ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಇದು ದಕ್ಕುವುದೆಂದು ಯಾರೂ ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಹೀಗೆಂದು ತಿಳಿಹೇಳಬೇಕು, ಹೀಗೆ ನಡೆದರೆ ಇದು ಒಂದೂವರೆ ಪಟ್ಟು ಬೆಳೆಯುವುದು. ಸಣ್ಣವನಿಗೆ ಶಾಸನದಲ್ಲಿರುವ ಪ್ರಾಕೃತ ಶಬ್ದ 'ಖುದಕ', ಅಂದರೆ ಕ್ಷುದ್ರಕ. ಭರತಖಂಡದ ಬಹುಭಾಗಕ್ಕೆ ಒಡೆಯನಾದವನು, ಖಜಾನೆಯ ಬಾಗಿಲು ತೆರೆದರೆ ಏನನ್ನಾದರೂ ಕೊಳ್ಳಬಲ್ಲವನು, ನಮ್ಮೂರ ಗುಡ್ಡದ ಮೇಲೆ ಬರೆಸಿದ್ದು ಹಣದಿಂದ ಕೊಳ್ಳಲಾಗದ ಒಂದು ವಸ್ತುವಿನ ಬಗೆಗೆ! ಅದರಲ್ಲಿ ಅವನಿಗೂ ಹಳ್ಳದ ದಂಡೆಯ ಕುರಿಗಾಹಿಗೂ ಸಮಪಾಲು. ಒಂದೂವರೆ ಪಟ್ಟು ಎಂಬ ಮಾತು ಮಾತ್ರ ನನಗೆ ಸಾಹುಕಾರರ ಬಡ್ಡಿಯ ಲೆಕ್ಕವನ್ನು ನೆನಪಿಸಿ ನಗು ತರಿಸುತ್ತದೆ.

ಹಾಗೆಂದು ಅಶೋಕನು ಹಣ ಖರ್ಚು ಮಾಡದ ವಿರಾಗಿಯೇನಲ್ಲ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದ್ದನ್ನೂ ಔಷಧದ ಗಿಡಗಳಿಲ್ಲದ ಕಡೆ ತರಿಸಿ ನೆಡಿಸಿದ್ದನ್ನೂ ದಾರಿಯುದ್ದಕ್ಕೂ ಬಾವಿ ತೋಡಿಸಿ ಮರ ಬೆಳೆಸಿದ್ದನ್ನೂ ತಾನೇ ಹೇಳಿಕೊಂಡಿದ್ದಾನೆ. ಬೇಟೆಯ ವಿಹಾರಗಳನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟಾಗ ವೃದ್ಧರನ್ನು ಕಂಡು ಬಂಗಾರ ಹಂಚುತ್ತಿದ್ದುದು ಎಂಟನೆಯ ಬಂಡೆಗಲ್ಲು ಶಾಸನದಲ್ಲಿದೆ. ಬುದ್ಧ ಹುಟ್ಟಿದ ಲುಂಬಿನಿ ಗ್ರಾಮಕ್ಕೆ ಹೋದಾಗ ಅಲ್ಲಿಯ ಜನರ ಕಂದಾಯವನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದನು. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರೆಂದೂ ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರೆಂದೂ ಬರೆಸಿದವನು ಅವನೇ ಎಂಬುದನ್ನು ಮರೆಯಬಾರದು. ಖರ್ಚಿನ ಮೊದಲ ಬಾಬತ್ತು ಅದು.

ಇನ್ನು ಆತನ ಕೊನೆಗಾಲದ ಕಥೆ. ಇದು ಶಾಸನದಲ್ಲಿಲ್ಲ, ಆತ ಸತ್ತು ಎಷ್ಟೋ ಕಾಲದ ಮೇಲೆ ರೂಪುಗೊಂಡ 'ಅಶೋಕಾವದಾನ'ದಲ್ಲಿದೆ. ಆದುದರಿಂದ ಇತಿಹಾಸವೆಂದಲ್ಲ, ಐತಿಹ್ಯವೆಂದು ಓದಿಕೊಳ್ಳಿ. ಅನಾಥಪಿಂಡಿಕನೆಂಬ ಶ್ರೇಷ್ಠಿ ಬುದ್ಧನ ಸಂಘಕ್ಕೆ ನೂರು ಕೋಟಿ ಕೊಟ್ಟನೆಂದು ಕೇಳಿ, ತಾನೂ ಅಷ್ಟು ಕೊಡುವೆನೆಂದು ಅಶೋಕ ಸಂಕಲ್ಪ ಮಾಡಿದನಂತೆ. ತೊಂಬತ್ತಾರು ಕೋಟಿ ಕೊಟ್ಟಾಯಿತು. ಅಷ್ಟರಲ್ಲಿ ಕಾಯಿಲೆ ಬಿದ್ದ. ಮಂತ್ರಿಗಳು ಯುವರಾಜನಾದ ಮೊಮ್ಮಗನಿಗೆ ಹೇಳಿ ಖಜಾನೆಯಿಂದ ಕೊಡದಂತೆ ಕಟ್ಟುಮಾಡಿಸಿದರು. ಆಗ ಅಶೋಕ ತನಗೆ ಊಟ ಬಡಿಸುತ್ತಿದ್ದ ಬಂಗಾರದ ತಟ್ಟೆಗಳನ್ನು ವಿಹಾರಕ್ಕೆ ಕಳಿಸಿದ. ಬೆಳ್ಳಿಯ ತಟ್ಟೆ ಕೊಟ್ಟರು, ಅದನ್ನೂ ಕಳಿಸಿದ. ಕಬ್ಬಿಣದ್ದು ಬಂತು, ಅದೂ ಹೋಯಿತು. ಕಟ್ಟಕಡೆಗೆ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೇ ಪಾಟಲಿಪುತ್ರದ ಕುಕ್ಕುಟಾರಾಮಕ್ಕೆ ಕಳಿಸಿದ. ಭಿಕ್ಷುಗಳು ಅದನ್ನು ಅರೆದು ಎಲ್ಲರ ಪಾಲಿಗೂ ಬರುವಂತೆ ಸಾರಿಗೆ ಹಾಕಿದರಂತೆ.

ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಮಂತ್ರಿಗಳ ಮೇಲೆ ಸಿಟ್ಟು ಬಂದಿತ್ತು. ಈಗ ಅಷ್ಟು ಬರುವುದಿಲ್ಲ. ಕೊಡುವವನು ಉದಾರಿ ನಿಜ, ಆದರೆ ಕೊಡುತ್ತಿದ್ದುದು ಯಾರದು? ಖಜಾನೆ ಎಂದರೆ ಹೊಲದಲ್ಲಿ ಬೆಳೆದವನ ರಾಶಿಯಿಂದ ಎತ್ತಿದ ಪಾಲು. ಅದು ಖಾಲಿಯಾದರೆ ಮುಂದಿನ ಬರಗಾಲಕ್ಕೆ ಏನು ಗತಿ ಎಂದು ಯೋಚಿಸುವುದು ಮಂತ್ರಿಯ ಕೆಲಸ. ಮುಗಿಯದ ಹಣವಿದ್ದವನು ಏನು ಮಾಡುತ್ತಾನೆ ಎಂದು ಕೇಳುವ ಮೊದಲು, ಆ ಹಣ ಅವನದೇ ಹೌದೋ ಅಲ್ಲವೋ ಎಂದು ಕೇಳಬೇಕಾಗುತ್ತದೆ. ನಿಮಗೆ ಪ್ರಬಂಧ ಬರೆಸುವಾಗ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ.

ಅಶೋಕನ ಕಾಲಕ್ಕೆ ನಮ್ಮ ಕಡೆಯ ಬಂಗಾರಕ್ಕೆ ಏನು ಸಂಬಂಧ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಸುವರ್ಣಗಿರಿ ಎಂಬ ಊರಿನಲ್ಲಿದ್ದ ಆರ್ಯಪುತ್ರನ, ಎಂದರೆ ರಾಜಕುಮಾರನ, ಹೆಸರಿನಲ್ಲಿ ಹೊರಟಿದೆ. ಈ ಸುವರ್ಣಗಿರಿ ಯಾವುದು ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಂಧ್ರದ ಜೊನ್ನಗಿರಿ ಎಂದವರುಂಟು. 'ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂದು ನಾವೆಲ್ಲ ಹೇಳುವ ಪಕ್ಕದ ಕನಕಗಿರಿ ಎಂದವರುಂಟು. ಮಸ್ಕಿಯೇ ಎಂದವರೂ ಉಂಟು. ನಮ್ಮೂರ ಅಭಿಮಾನ ನನಗೂ ಇದೆ, ಆದರೆ ಅಭಿಮಾನದಿಂದ ಇತಿಹಾಸ ತೀರ್ಮಾನವಾಗುವುದಿಲ್ಲ. ಹೆಸರಿನಲ್ಲಿಯೇ ಬಂಗಾರವಿರುವ ಊರಿನಲ್ಲಿ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಿತ್ತು ಎಂಬುದಂತೂ ಖಚಿತ.

ಹಟ್ಟಿಯ ಗಣಿಯಲ್ಲಿ ಹಳೆಯ ಕಾಲದವರು ತೋಡಿದ ಕುಳಿಗಳು ಆರುನೂರು ಅಡಿಯಷ್ಟು ಆಳಕ್ಕೆ ಇಳಿದಿವೆ. ಒಳಗೆ ದೊರೆತ ಕಟ್ಟಿಗೆಯನ್ನು ಪರೀಕ್ಷಿಸಿದಾಗ ಅದು ಸುಮಾರು ಎರಡು ಸಾವಿರ ವರ್ಷ ಹಳೆಯದೆಂದು ತಿಳಿದುಬಂದಿತು. ಮದ್ದು ಇಲ್ಲ, ಯಂತ್ರವಿಲ್ಲ. ಬಂಡೆಯ ಮೈಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು, ಕಾದ ಕಲ್ಲಿನ ಮೇಲೆ ನೀರು ಸುರಿಯುವುದು, ಬಿರುಕು ಬಿಟ್ಟದ್ದನ್ನು ಒಡೆದು ಬುಟ್ಟಿಯಲ್ಲಿ ಮೇಲಕ್ಕೆ ಸಾಗಿಸುವುದು. ಆರುನೂರು ಅಡಿ ಕೆಳಗೆ, ಹೊಗೆ ಹೋಗಲು ದಾರಿಯಿಲ್ಲದ ಸಂದಿಯಲ್ಲಿ! ನಿಮ್ಮಲ್ಲಿ ಹಟ್ಟಿಯಲ್ಲಿ ಕೆಲಸ ಮಾಡಿದವರು ಹಲವರಿದ್ದೀರಿ. ಲಿಫ್ಟಿನಲ್ಲಿ ಇಳಿದು ಬೆವೆತು ಮೇಲೆ ಬಂದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಆ ಕುಳಿಗಳಲ್ಲಿ ಇಳಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ.

ಇನ್ನು ಎರಡನೆಯ ಸಿರಿವಂತರ ಮಾತು. ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದರು. ಅದಕ್ಕೆ ಕೆಲವು ವರ್ಷ ಮೊದಲು, 1905ರವರೆಗೆ, ನಮ್ಮ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು. ಅನಂತರ ಅದನ್ನು ಒಡೆದು ರಾಯಚೂರು, ಗುಲಬರ್ಗಾಗಳಿಗೆ ಹಂಚಿದರು. 1937ರ ಫೆಬ್ರವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ನಿಜಾಮರ ಚಿತ್ರ ಹಾಕಿ, ಜಗತ್ತಿನಲ್ಲಿಯೇ ಅತಿ ಶ್ರೀಮಂತನೆಂದು ಸಾರಿತು. ನಮ್ಮ ತಂದೆಯವರ ತಲೆಮಾರು ಜೋಳದ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದ ಕಾಲದಲ್ಲಿ, ಅವರ ದೊರೆ ಜಗತ್ತಿಗೇ ಮೊದಲಿಗ.

ಈ ಸಂಪತ್ತು ಎಲ್ಲಿಂದ ಬಂತು? ಸಂಸ್ಥಾನದ ಭೂಮಿಯಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ದಿವಾನಿ, ಎಂದರೆ ಸರಕಾರದ ಕಂದಾಯದ ಭೂಮಿ. ಮೂವತ್ತು ಪಾಲು ಜಾಗೀರುದಾರರದು. ಉಳಿದ ಹತ್ತು ಪಾಲು 'ಸರ್ಫ್-ಎ-ಖಾಸ್'. ಅದರ ಆದಾಯ ನೇರವಾಗಿ ನಿಜಾಮರ ಸ್ವಂತ ಕಿಸೆಗೆ. ಇದಲ್ಲದೆ ನಜರು. ದೊರೆಯನ್ನು ಕಾಣಲು ಹೋದವರು ಕೈವಸ್ತ್ರದ ಮೇಲೆ ಬಂಗಾರದ ಅಶ್ರಫಿಯನ್ನು, ಜೊತೆಗೆ ಬೆಳ್ಳಿ ರೂಪಾಯಿಗಳನ್ನು ಇಟ್ಟು ಒಡ್ಡಬೇಕು. ಬೇರೆ ಅರಸರು ಮುಟ್ಟಿ ಹಿಂದಿರುಗಿಸುವುದು ವಾಡಿಕೆ. ಇವರು ತೆಗೆದುಕೊಂಡು ಇಟ್ಟುಕೊಳ್ಳುತ್ತಿದ್ದರೆಂದು ಕಂಡವರು ಬರೆದಿದ್ದಾರೆ. ತಲೆಮಾರುಗಳಿಂದ ಕೂಡಿಬಂದ ವಜ್ರ, ಪಚ್ಚೆ, ಮುತ್ತುಗಳು ಬೇರೆ.

ಅಷ್ಟು ಹಣವಿದ್ದವರು ಹೇಗೆ ಬದುಕಿದರು? ಹಳೆಯ ಶೇರವಾನಿ, ಜಿಡ್ಡುಗಟ್ಟಿದ ಫೆಜ್ ಟೋಪಿ, ಅಗ್ಗದ ಚಾರಮಿನಾರ್ ಸಿಗರೇಟು. ತಂದೆಯ ಕಾಲದ ಜೇಕಬ್ ವಜ್ರ, 184.75 ಕ್ಯಾರಟ್ ತೂಕದ್ದು, ಅವರಿಗೆ ಒಂದು ಹಳೆಯ ಜೋಡಿನ ಮುಂಗಾಲಿನಲ್ಲಿ ತುರುಕಿದ್ದು ದೊರೆಯಿತಂತೆ. ಅದನ್ನು ಮೇಜಿನ ಮೇಲಿನ ಕಾಗದ ಹಾರದಂತೆ ಇಡಲು ಬಳಸಿದರು. ಕಿಂಗ್ ಕೋಠಿಯ ಅಂಗಳದಲ್ಲಿ ಬಂಗಾರ ತುಂಬಿದ ಲಾರಿಗಳ ಚಕ್ರಗಳು ನೆಲಕ್ಕೆ ಹೂತುಹೋಗಿದ್ದವೆಂದೂ ನೆಲಮಾಳಿಗೆಯಲ್ಲಿ ನೋಟುಗಳನ್ನು ಇಲಿಗಳು ತಿಂದವೆಂದೂ ಬರೆದವರಿದ್ದಾರೆ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂಬುದು ಬೇರೆ ಮಾತು. ಜಿಪುಣ ಎಂದು ನಕ್ಕುಬಿಡುವುದೂ ಸುಲಭ. ಆದರೆ ಆತನ ಆಶ್ರಯದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಆಳುಕಾಳು, ಪರಿವಾರದವರು ಇದ್ದರು. ಅಷ್ಟು ಬಾಯಿಗಳನ್ನು ಹೊತ್ತವನು ತನ್ನ ಸಿಗರೇಟಿನಲ್ಲಿ ಉಳಿಸಿದರೆ ಏನು ಉಳಿದೀತು! ಹಣಕ್ಕೆ ಮಿತಿಯಿಲ್ಲದವನಿಗೂ ಅದು ಮುಗಿದುಹೋಗುವ ಭಯ ಬಿಡುವುದಿಲ್ಲವೆಂದು ತೋರುತ್ತದೆ.

ಅವರು ಕೊಡಲೇ ಇಲ್ಲವೆಂದರೆ ಅನ್ಯಾಯವಾದೀತು. ಪುಣೆಯ ಭಾಂಡಾರಕರ್ ಸಂಸ್ಥೆಯವರು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ತರುತ್ತಿದ್ದಾಗ ನಿಜಾಮರು 1932ರಿಂದ ವರ್ಷಕ್ಕೆ 1,000 ರೂಪಾಯಿಯಂತೆ ಹಲವು ವರ್ಷ ಕೊಟ್ಟರು. ಅತಿಥಿಗೃಹಕ್ಕೆ 50,000 ರೂಪಾಯಿ ಕೊಟ್ಟರು. ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಲಕ್ಷ ರೂಪಾಯಿ ಹೋಯಿತು. ಅಜಂತೆಯ ಚಿತ್ರಗಳು ಉದುರದಂತೆ ಕಾಪಾಡಲು 1920ರ ದಶಕದ ಆರಂಭದಲ್ಲಿ ಇಟಲಿಯಿಂದ ತಜ್ಞರನ್ನು ಕರೆಸಿದರು. ನಮ್ಮ ಮಸ್ಕಿಯ ಶಾಸನ ಅಚ್ಚಾದದ್ದೂ ಆ ಆಡಳಿತದ ಖರ್ಚಿನಲ್ಲಿಯೇ.

ಇಲ್ಲಿ ಒಂದು ಗೆರೆ ಎಳೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯ (1918), ಉಸ್ಮಾನಿಯಾ ಆಸ್ಪತ್ರೆ, ಮಂಜೀರಾ ನದಿಗೆ ಕಟ್ಟಿದ ನಿಜಾಮಸಾಗರ, ಅಜಂತೆಯ ಸಂರಕ್ಷಣೆ, ಪುರಾತತ್ತ್ವ ಇಲಾಖೆ, ಇವೆಲ್ಲ ಸಂಸ್ಥಾನದ ಬೊಕ್ಕಸದ ಕೆಲಸಗಳು. ಎಂದರೆ ಬೀದರದ, ಗುಲಬರ್ಗಾದ, ರಾಯಚೂರಿನ, ತೆಲಂಗಾಣದ, ಮರಾಠವಾಡದ ರೈತರು ಕಟ್ಟಿದ ತೀರುವೆ. ನಾವು ರೂಢಿಯಲ್ಲಿ 'ನಿಜಾಮರು ಕಟ್ಟಿಸಿದರು' ಎನ್ನುತ್ತೇವೆ. ಅವರ ಸ್ವಂತ ಸಂಪತ್ತಿನ ಬಹುಭಾಗ ಪೆಟ್ಟಿಗೆಯಲ್ಲಿತ್ತು. ಆ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ದೇಶೀಯ ಭಾಷೆಯೊಂದರಲ್ಲಿ ವೈದ್ಯವನ್ನೂ ವಿಜ್ಞಾನವನ್ನೂ ಕಲಿಸಿದ್ದು ದೊಡ್ಡ ಸಾಹಸ, ಅದನ್ನು ಮೆಚ್ಚಲೇಬೇಕು. ಆದರೆ ಕನ್ನಡದಲ್ಲಿ ಅಳುತ್ತ ಹುಟ್ಟಿದ ನಮ್ಮ ಹಿರಿಯರು ಅಲಿಫ್ ಬೇ ಕಲಿತ ಮೇಲಷ್ಟೇ ಕಚೇರಿಯ ಹೊಸ್ತಿಲು ದಾಟಬಹುದಾಗಿತ್ತು. ನಮ್ಮ ತಂದೆಯವರು ಜಮಾಖರ್ಚನ್ನು ಕೊನೆಯವರೆಗೂ ಉರ್ದುವಿನಲ್ಲಿಯೇ ಬರೆದರು, ಲೆಕ್ಕ ತಪ್ಪಿದಾಗ ಬೈದುಕೊಂಡದ್ದು ಕನ್ನಡದಲ್ಲಿ.

ನಮ್ಮ ರಾಯಚೂರು ದೋಆಬಿಗೆ ಆ ಬೊಕ್ಕಸದಿಂದ ಬಂದ ದೊಡ್ಡ ಪಾಲು ತುಂಗಭದ್ರಾ ಆಣೆಕಟ್ಟು. ಈ ನದಿಯ ನೀರನ್ನು ಬರದ ಸೀಮೆಗೆ ತಿರುಗಿಸಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಯೋಚಿಸಿದ್ದರು. ಮದರಾಸೂ ಹೈದರಾಬಾದೂ ಒಪ್ಪಂದಕ್ಕೆ ಬಂದದ್ದು 1944ರಲ್ಲಿ. 1945ರ ಫೆಬ್ರವರಿ 28ರಂದು ನಮ್ಮ ದಂಡೆಯಲ್ಲಿ ನಿಜಾಮರ ಹಿರಿಯ ಮಗ ಬೀರಾರಿನ ಯುವರಾಜರು, ಆಚೆಯ ದಂಡೆಯಲ್ಲಿ ಮದರಾಸಿನ ಗವರ್ನರರು ಅಡಿಗಲ್ಲು ಇಟ್ಟರು. ನೀರು ಹರಿದದ್ದು 1953ರಲ್ಲಿ. ಅಷ್ಟರಲ್ಲಿ ನಿಜಾಮರ ರಾಜ್ಯವೇ ಇರಲಿಲ್ಲ. ನಡುವಿನ ಎಂಬತ್ತನಾಲ್ಕು ವರ್ಷಗಳಲ್ಲಿ 1876–78ರ ಡೋಗಿ ಬರ ಬಂದು ಹೋಗಿತ್ತು. ಹಣ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಎಡದಂಡೆಯ ಕಾಲುವೆ ಸಿಂಧನೂರಿನ ಎರೆಭೂಮಿಯನ್ನು ಗದ್ದೆಯಾಗಿ ಮಾಡಿದ ಕಥೆ ನಿಮಗೆ ಗೊತ್ತು. ಒಣಭೂಮಿಯ ಬೆಲೆಗೆ ಹೊಲ ಮಾರಿದವರು, ಕೊಂಡು ಕ್ಯಾಂಪು ಕಟ್ಟಿ ಭತ್ತ ಬೆಳೆದ ಆಂಧ್ರದವರು, ಆಮೇಲೆ ಅದೇ ಗದ್ದೆಗೆ ನಾಟಿ ಹಚ್ಚಲು ಕೂಲಿಗೆ ಹೋದ ಹಳೆಯ ಒಡೆಯರು. ಕಾಲುವೆ ಮುಟ್ಟದ ನಮ್ಮ ಮಸ್ಕಿಯ ಕಡೆಯ ಹಳ್ಳಿಗಳವರು ನಾರಾಯಣಪುರದ 5ಎ ಕಾಲುವೆ ಬೇಕೆಂದು 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಕೆಲವರು ಕುಳಿತಿದ್ದೀರಿ ಕೂಡ.

ಈಗ ಐದು ಟನ್ ಬಂಗಾರ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಹೈದರಾಬಾದಿಗೆ ಬಂದು ಕೇಳಿದರೆಂದೂ ನಿಜಾಮರು ಮರುಮಾತಿಲ್ಲದೆ 5,000 ಕಿಲೋ ಬಂಗಾರವನ್ನು ದಾನ ಮಾಡಿ, ಪೆಟ್ಟಿಗೆಗಳನ್ನು ಮಾತ್ರ ಹಿಂದಿರುಗಿಸಿ ಎಂದರೆಂದೂ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಪೆಟ್ಟಿಗೆಯ ಮಾತಿಗೆ ನೀವು ಚಪ್ಪಾಳೆ ಹೊಡೆಯುತ್ತಿದ್ದಿರಿ. ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳಿದಾಗ ರಾಷ್ಟ್ರೀಯ ರಕ್ಷಣಾ ನಿಧಿಯಲ್ಲಿ ಅಂಥ ದಾನದ ದಾಖಲೆಯೇ ಇಲ್ಲವೆಂದು ಉತ್ತರ ಬಂದಿತು. 1965ರ ಡಿಸೆಂಬರಿನ ಪತ್ರಿಕಾ ವರದಿಯಲ್ಲಿ ಇರುವುದು ಇಷ್ಟು: ನಿಜಾಮರು 4,25,000 ಗ್ರಾಂ, ಎಂದರೆ 425 ಕಿಲೋ ಬಂಗಾರವನ್ನು ಸರಕಾರದ ಚಿನ್ನದ ಬಾಂಡಿನಲ್ಲಿ ತೊಡಗಿಸಿದರು. ನಾನು ಹೇಳಿದ್ದರ ಹನ್ನೆರಡರಲ್ಲಿ ಒಂದು ಪಾಲು. ಅದೂ ದಾನವಲ್ಲ, ಬಡ್ಡಿ ಬರುವ ಹೂಡಿಕೆ. ಕಷ್ಟಕಾಲದಲ್ಲಿ ದೇಶಕ್ಕೆ ಸಹಾಯವಾಯಿತು, ಅದರಲ್ಲಿ ಸಂದೇಹವಿಲ್ಲ. ಶಾಸ್ತ್ರಿಯವರು ಅಭಿನಂದಿಸಿಯೂ ಇದ್ದರು. ಆದರೆ ನಾನು ಕಲಿಸಿದ್ದು ಇತಿಹಾಸವಾಗಿರಲಿಲ್ಲ. ಹಿರಿಯರೊಬ್ಬರು ಹೇಳಿದ್ದನ್ನು ಪರೀಕ್ಷಿಸದೆ ಮೂವತ್ತು ವರ್ಷ ಹೇಳಿದೆ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ದಯವಿಟ್ಟು ತಿದ್ದಿಕೊಳ್ಳಬೇಕು.

ಇದಕ್ಕಿಂತ ವಿಚಿತ್ರವಾದದ್ದು ಲಂಡನ್ನಿನ ಹಣದ ಕಥೆ. 1948ರ ಸೆಪ್ಟೆಂಬರ್ 17ರಂದು ಪೊಲೀಸ್ ಕಾರ್ಯಾಚರಣೆ ಮುಗಿದು ಸಂಸ್ಥಾನ ಶರಣಾಯಿತು. ಅದೇ ದಿನಗಳಲ್ಲಿ ಸಂಸ್ಥಾನದ ಹಣಕಾಸು ಮಂತ್ರಿ ಮೊಯಿನ್ ನವಾಜ್ ಜಂಗ್ ಲಂಡನ್ನಿನ ಬ್ಯಾಂಕಿನಲ್ಲಿದ್ದ 10,07,940 ಪೌಂಡು 9 ಷಿಲಿಂಗುಗಳನ್ನು ಅಲ್ಲಿಯ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮತೂಲಾರ ಖಾತೆಗೆ ವರ್ಗಾಯಿಸಿದರು. ಕೆಲವೇ ದಿನಗಳಲ್ಲಿ ನಿಜಾಮರು, ಇದು ನನ್ನ ಅಪ್ಪಣೆಯಿಲ್ಲದೆ ಆದದ್ದು, ಹಿಂದಿರುಗಿಸಿ ಎಂದರು. ಖಾತೆದಾರರ ಒಪ್ಪಿಗೆಯಿಲ್ಲದೆ ಕೊಡಲಾಗದೆಂದಿತು ಬ್ಯಾಂಕು. ವ್ಯಾಜ್ಯ 1957ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ ನಿಂತುಬಿಟ್ಟಿತು. ಜಗತ್ತಿನ ಅತಿ ಶ್ರೀಮಂತ 1967ರ ಫೆಬ್ರವರಿ 24ರಂದು ತೀರಿಕೊಂಡಾಗಲೂ ತನ್ನದೇ ಹಣದ ಒಂದು ಪೌಂಡನ್ನೂ ಅಲ್ಲಿಂದ ಪಡೆದಿರಲಿಲ್ಲ. ಕೊನೆಗೆ 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು, ಪಾಕಿಸ್ತಾನದ ವಾದವನ್ನು ತಳ್ಳಿಹಾಕಿ, ಹಣ ನಿಜಾಮರ ಉತ್ತರಾಧಿಕಾರಿಗಳಾದ ಭಾರತ ಸರಕಾರಕ್ಕೂ ಇಬ್ಬರು ಮೊಮ್ಮಕ್ಕಳಿಗೂ ಸಲ್ಲಬೇಕೆಂದು ತೀರ್ಪು ಕೊಟ್ಟಿತು. ಹತ್ತು ಲಕ್ಷ ಬೆಳೆದು ಮೂರೂವರೆ ಕೋಟಿ ಪೌಂಡು ಆಗಿತ್ತು. ಎಪ್ಪತ್ತೊಂದು ವರ್ಷ ನ್ಯಾಯಾಲಯಗಳು ಕೇಳಿದ್ದೂ ಪಾಟಲಿಪುತ್ರದ ಮಂತ್ರಿಗಳು ಕೇಳಿದ ಪ್ರಶ್ನೆಯನ್ನೇ: ಇದು ಯಾರ ಹಣ?

ಒಡವೆಗಳದ್ದೂ ಒಂದು ಮಾತು. ಮುಂದಿನವರು ಕರಗಿಸಿಬಿಟ್ಟಾರೆಂದು ನಿಜಾಮರು 1951 ಮತ್ತು 1952ರಲ್ಲಿ ಅವುಗಳನ್ನು ಎರಡು ಟ್ರಸ್ಟುಗಳಿಗೆ ಒಪ್ಪಿಸಿದ್ದರು. 1995ರಲ್ಲಿ ಭಾರತ ಸರಕಾರ 173 ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡಿತು. ಅವು ಹೈದರಾಬಾದಿನ ಸಾಲಾರಜಂಗ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕೆ ಬಂದಾಗ ನಾನು ಮನೆಯವರನ್ನು ಕರೆದುಕೊಂಡು ಹೋಗಿದ್ದೆ. ಪೊಲೀಸರ ನಡುವೆ ಸಾಲಿನಲ್ಲಿ ನಿಂತು, ಗಾಜಿನ ಹಿಂದೆ ಮಿನುಗುತ್ತಿದ್ದ ಏಳೆಳೆಯ ಮುತ್ತಿನ ಹಾರವನ್ನೂ ಜೇಕಬ್ ವಜ್ರವನ್ನೂ ನೋಡಿದೆವು. ನಮ್ಮ ಮನೆಯವರು ಬಹಳ ಹೊತ್ತು ನೋಡಿ, "ಇವನ್ನ ಯಾರರ ಒಮ್ಮಿಯರ ಹಾಕ್ಕೊಂಡಾರೇನ್ರೀ?" ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಪೊಲೀಸನೂ ನಕ್ಕ. ಪ್ರದರ್ಶನ ಮುಗಿದ ಮೇಲೆ ಅವು ರಿಸರ್ವ್ ಬ್ಯಾಂಕಿನ ಕೋಣೆಗೆ ಮರಳಿದವು.

ನಿಜಾಮರ ಉತ್ತರಾಧಿಕಾರಿ ಮೊಮ್ಮಗ ಮುಕರ್ರಂ ಜಾ ಅವರು ಪಟ್ಟಕ್ಕಿಂತ ಹೆಚ್ಚಾಗಿ ಸಾಲವನ್ನೂ ದಾವೆಗಳನ್ನೂ ಪಡೆದರು. ಆಸ್ಟ್ರೇಲಿಯದ ಪಶ್ಚಿಮ ತುದಿಯಲ್ಲಿ ಸಾವಿರಾರು ಎಕರೆಯ ಕುರಿ ಸಾಕಣೆಯ ಹೊಲ ಕೊಂಡು, ಬುಲ್‌ಡೋಜರ್ ಓಡಿಸುತ್ತ ಇದ್ದರು. ಅದೂ ಕೈಬಿಟ್ಟಿತು. ಕೊನೆಯ ವರ್ಷಗಳನ್ನು ತುರ್ಕಿಯ ಬಾಡಿಗೆ ಮನೆಯಲ್ಲಿ ಕಳೆದು 2023ರ ಜನವರಿಯಲ್ಲಿ ತೀರಿಕೊಂಡರು. ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ ಅವರ ಸಮಾಧಿಯಿದೆ. ಅರ್ಧ ನೆಲ್ಲಿಕಾಯಿಯ ಕಥೆ ಬರೆದವನು ಬಹಳ ಕಲ್ಪಿಸಬೇಕಾಗಿರಲಿಲ್ಲ ಎನಿಸುತ್ತದೆ.

ಹಟ್ಟಿಯಲ್ಲಿ ಮಾತ್ರ ಕೆಲಸ ನಡೆದೇ ಇದೆ. ಹೈದರಾಬಾದ್ ಡೆಕ್ಕನ್ ಕಂಪನಿಯ ಕಾಲದ ಗಣಿಗಾರಿಕೆ 1920ರ ಹೊತ್ತಿಗೆ ನಿಂತಿತು. 1947ರಲ್ಲಿ ಹೊಸ ಕಂಪನಿಯಾಯಿತು. 1956ರಲ್ಲಿ ಅದು ಹಟ್ಟಿ ಚಿನ್ನದ ಗಣಿ ಕಂಪನಿ ಎಂಬ ಹೆಸರು ಪಡೆಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ನೆಲದಿಂದ ಬಂಗಾರ ತೆಗೆಯುವ ಮುಖ್ಯ ಗಣಿ ಇದೇ. ಮಸ್ಕಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ, ಸ್ವಲ್ಪ ಹೆಚ್ಚು ಕಡಿಮೆ. ನಡುವಿನ ಪ್ರತಿಯೊಂದು ಊರಿನಲ್ಲಿಯೂ ಬಂಗಾರ ಒತ್ತೆ ಇಟ್ಟುಕೊಳ್ಳುವ ಅಂಗಡಿಗಳಿವೆ. ಮೊದಲು ಸಾಹುಕಾರರ ಪಡಸಾಲೆಯಿತ್ತು, ಈಗ ಎ.ಸಿ. ಇರುವ ಕಂಪನಿಗಳು. ಮುಂಗಾರಿನ ಬಿತ್ತನೆಗೆ ಮೊದಲು ಅಲ್ಲಿ ಸಾಲು ನಿಲ್ಲುತ್ತದೆ. ನೆಲದಿಂದ ಮೇಲೆ ಬಂದ ಬಂಗಾರ ನಮ್ಮ ಹೆಣ್ಣುಮಕ್ಕಳ ಕೊರಳಿಗೆ ಬಂದು, ಅಲ್ಲಿಂದ ಮತ್ತೆ ಇನ್ನೊಬ್ಬರ ತಿಜೋರಿಯ ಕತ್ತಲೆಗೆ ಹೋಗುತ್ತದೆ.

ಆ ಏಳನೆಯ ತರಗತಿಯ ಹುಡುಗಿ ಕೋಟಿ ರೂಪಾಯಿಯಲ್ಲಿ ಮೊದಲು ಮಾಡಹೊರಟದ್ದು ಅಲ್ಲಿಂದ ಒಂದು ಬೋರಮಾಳವನ್ನು ಬಿಡಿಸಿಕೊಂಡು ಬರುವ ಕೆಲಸ. ಹಣ ಯಾರದು, ಯಾರ ಕೈಗೆ ಕೊಡಬಾರದು ಎಂಬ ಎರಡನ್ನೂ ಎರಡು ವಾಕ್ಯದಲ್ಲಿ ಬರೆದಿದ್ದಳು. ಅವಳ ಹೆಸರನ್ನು ಇಲ್ಲಿ ಹೇಳುವುದು ಸರಿಯಲ್ಲ. ಅವಳಿಗೀಗ ಐವತ್ತರ ಹತ್ತಿರ ಇರಬೇಕು, ಮಕ್ಕಳ ಮದುವೆಯಾಗಿರಬೇಕು. ತಾಯೀ, ನೀನು ಇದನ್ನು ಓದಿದರೆ ಆ ನಾಲ್ಕನ್ನು ಅಳಿಸಿ ಒಂಬತ್ತು ಎಂದು ಬರೆದುಕೋ. ಪೀಠಿಕೆ ಇಲ್ಲದ್ದಕ್ಕೆ ಒಂದು ಅಂಕ ಹಿಡಿದಿದ್ದೇನೆ. ಅವ್ವನ ಬೋರಮಾಳ ಮನೆಗೆ ಬಂತೋ ಇಲ್ಲವೋ, ಒಂದು ಸಾಲು ಬರೆದು ತಿಳಿಸು.